ಉಂಡು ಮಲಗುವ ತನಕದ ಜಗಳ, ಬಡವಾಗುವ ಕೂಸು

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ನಮ್ಮಲ್ಲೊಂದು ಗಾದೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂದು ಇನ್ನೊಂದು. ಎರಡನ್ನೂ ಒಂದೇ ಊರಿನ ಜನ ಸಂದರ್ಭ ನೋಡಿಕೊಂಡು ಆಡುತ್ತಾರೆ. ಮೊದಲನೆಯದು ನೆರೆಯವರಿಗೆ ಹೇಳುವ ಮಾತು: ನಡುವೆ ಹೋಗಬೇಡಿ, ಬೆಳಗಾದರೆ ಸರಿಹೋಗುತ್ತದೆ. ಎರಡನೆಯದು ಬೆಳಗಾದರೂ ಸರಿಹೋಗದ ಮನೆಯ ಮಾತು. ಸುಮಾರು ಎಂಬತ್ತು ವರ್ಷಗಳಿಂದ ಮನೋವಿಜ್ಞಾನಿಗಳು, ಮನೋವೈದ್ಯರು, ನ್ಯಾಯಾಧೀಶರು ವಾದಿಸುತ್ತ ಬಂದಿರುವುದೂ ಈ ಎರಡರ ನಡುವಿನ ಜಾಗದಲ್ಲೇ. ಯಾವ ಜಗಳ ಊಟ ನಿದ್ದೆಯೊಂದಿಗೆ ಮುಗಿಯುತ್ತದೆ? ಯಾವುದು ಮಗುವಿನ ಮೈಮನಸ್ಸಿಗೆ ಇಳಿಯುತ್ತದೆ? ಇಳಿಯುವ ದಾರಿ ಯಾವುದು?

ಉತ್ತರ ಬೆಂಗಳೂರಿನಲ್ಲಿ ನಿಂತು ಇದನ್ನು ಕೇಳಿದರೆ ಪ್ರಶ್ನೆಗೆ ಗೋಡೆ, ಬಾಡಿಗೆ, ಪಾಳಿ ಎಲ್ಲ ಸೇರಿಕೊಳ್ಳುತ್ತವೆ. ಯಶವಂತಪುರದ ಆಚೆ ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವವರ ಎಷ್ಟೋ ಮನೆಗಳು ಒಂದು ಕೋಣೆ, ಒಂದು ಅಡುಗೆಮನೆಯ ಪೋರ್ಷನ್‌ಗಳು. ಅಲ್ಲಿ ದನಿ ಏರಿದರೆ ಮಗು ಸರಿದು ಕೂರಲು ಇನ್ನೊಂದು ಕೋಣೆಯಿಲ್ಲ. ಗೋಡೆಯಾಚೆ ಕೇಳಿಸಿಕೊಂಡ ಪಕ್ಕದ ಮನೆಯಾಕೆ ಬಾಗಿಲು ತಟ್ಟಿ, ಬಾ ಪುಟ್ಟ, ಊಟ ಮಾಡುವಿಯಂತೆ ಎಂದು ಕರೆದುಕೊಂಡು ಹೋಗುವುದೂ ಅಲ್ಲೇ. ಹೆಬ್ಬಾಳದಿಂದ ಯಲಹಂಕದ ತನಕ ಎದ್ದಿರುವ ಅಪಾರ್ಟ್‌ಮೆಂಟುಗಳಲ್ಲಿ ಮಗುವಿಗೆ ತನ್ನದೇ ಕೋಣೆಯಿದೆ, ಅದಕ್ಕೆ ಚಿಲಕವಿದೆ, ಬಾಗಿಲು ತಟ್ಟುವವರು ಮಾತ್ರ ಕಡಿಮೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ಈ ಭಾಗದ ರಾತ್ರಿಗಳೂ ಬದಲಾದವು. ಒಂದು ಮನೆಯಲ್ಲಿ ಅಪ್ಪ ರಾತ್ರಿಯೆಲ್ಲ ಕ್ಯಾಬ್ ಓಡಿಸಿ ಬೆಳಗ್ಗೆ ಬರುತ್ತಾನೆ, ಇನ್ನೊಂದರಲ್ಲಿ ಅಮ್ಮ ನಾಗವಾರದ ಟೆಕ್ ಪಾರ್ಕಿನಿಂದ ತಡವಾಗಿ ಬರುತ್ತಾಳೆ. ಗಂಡ ಹೆಂಡತಿ ಎದುರುಬದುರಾಗುವ ಒಂದೆರಡು ಗಂಟೆಯಲ್ಲೇ ಫೀಸು, ಇಎಂಐ, ಊರಿಗೆ ಕಳಿಸಬೇಕಾದ ಹಣ ಎಲ್ಲದರ ಲೆಕ್ಕವೂ ಆಗಬೇಕು. ಮಗು ಎಚ್ಚರವಿರುವುದೂ ಆ ಹೊತ್ತಿನಲ್ಲೇ.

ಒಡೆದ ಮನೆಯಿಂದ ಕಲಹದ ಮನೆಗೆ

ಈ ವಿಚಾರದ ಮೊದಲ ಅಧ್ಯಾಯದಲ್ಲಿ ಜಗಳಕ್ಕೆ ಜಾಗವೇ ಇರಲಿಲ್ಲ, ಅಗಲಿಕೆಗೆ ಮಾತ್ರ ಇತ್ತು. ಲಂಡನ್ನಿನ ಮನೋವೈದ್ಯ ಜಾನ್ ಬೌಲ್ಬಿ 1944ರಲ್ಲಿ ಕಳ್ಳತನ ಮಾಡಿ ಸಿಕ್ಕಿಬಿದ್ದ 44 ಮಕ್ಕಳ ಬಗ್ಗೆ ಬರೆದರು. ಎಳವೆಯಲ್ಲಿ ತಾಯಿಯಿಂದ ದೀರ್ಘಕಾಲ ದೂರವಾದದ್ದು ಆ ಮಕ್ಕಳ ಪೈಕಿ ಕೆಲವರ ಭಾವಶೂನ್ಯತೆಗೆ ಕಾರಣ ಎಂಬುದು ಅವರ ವಾದ. 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಅವರು ಬರೆದುಕೊಟ್ಟ ವರದಿಯ ನಂತರ ಒಡೆದ ಮನೆಯ ಮಕ್ಕಳು ಹಾಳಾಗುತ್ತಾರೆ ಎಂಬ ನಂಬಿಕೆ ಜಗತ್ತಿನಾದ್ಯಂತ ಬೇರೂರಿತು. ಮನೆ ಒಡೆಯದಿದ್ದರೆ ಸಾಕು, ಒಳಗೆ ಏನಾದರೂ ನಡೆಯಲಿ ಎಂಬ ನಮ್ಮ ಹಳೆಯ ಧೋರಣೆಗೂ ಇದು ಒಗ್ಗಿತು.

ಅದನ್ನು ಅಲುಗಾಡಿಸಿದವರು ಮೈಕೆಲ್ ರಟರ್. ಬ್ರಿಟನ್ನಿನ ಐಲ್ ಆಫ್ ವೈಟ್ ದ್ವೀಪದ ಮಕ್ಕಳನ್ನು ಅರವತ್ತರ ದಶಕದಲ್ಲಿ ಅಧ್ಯಯನ ಮಾಡಿದ್ದ ರಟರ್, 1971ರ ಪ್ರಬಂಧದಲ್ಲಿ ಸರಳವಾದ ಒಂದು ಹೋಲಿಕೆಗೆ ಕೈಹಾಕಿದರು. ಅಗಲಿಕೆಯೇ ಕಾರಣವಾದರೆ, ಸಾವಿನಿಂದ ಅಪ್ಪನನ್ನೋ ಅಮ್ಮನನ್ನೋ ಕಳೆದುಕೊಂಡ ಮಕ್ಕಳೂ ವಿಚ್ಛೇದನದ ಮನೆಯ ಮಕ್ಕಳಷ್ಟೇ ದಾರಿ ತಪ್ಪಬೇಕಿತ್ತು. ಹಾಗಾಗಿರಲಿಲ್ಲ. ಕಾಯಿಲೆಯ ಕಾರಣಕ್ಕೆ ಕೆಲಕಾಲ ಪೋಷಕರಿಂದ ದೂರವಿದ್ದ ಮಕ್ಕಳಿಗೂ ಅಷ್ಟು ತೊಂದರೆಯಾಗಿರಲಿಲ್ಲ. ತೊಂದರೆ ಹೆಚ್ಚಾಗಿ ಕಂಡದ್ದು ಮನೆಯಲ್ಲಿ ಕಲಹ ಹೊಗೆಯಾಡುತ್ತಿದ್ದ ಮಕ್ಕಳಲ್ಲಿ, ಅಪ್ಪ ಅಮ್ಮ ಒಂದೇ ಸೂರಿನಡಿ ಇದ್ದರೂ ಸರಿಯೇ. 1982ರಲ್ಲಿ ಅಮೆರಿಕದ ರಾಬರ್ಟ್ ಎಮೆರಿ ಅದುವರೆಗಿನ ಸಂಶೋಧನೆಗಳನ್ನೆಲ್ಲ ಒಟ್ಟಿಗಿಟ್ಟು ಇದೇ ತೀರ್ಮಾನದ ಕಡೆ ವಾಲಿದರು. ಅಲ್ಲಿಂದ ಮುಂದೆ ಕೇಳಬೇಕಾದ ಪ್ರಶ್ನೆ ಬದಲಾಯಿತು. ಮನೆ ಒಡೆದಿದೆಯೇ ಎಂಬುದಕ್ಕಿಂತ ಮನೆಯೊಳಗೆ ಏನು ನಡೆಯುತ್ತಿದೆ ಎಂಬುದು ಮುಖ್ಯವಾಯಿತು.

ಬೆಂಗಳೂರಿನ ಕುಟುಂಬಗಳೂ ಈ ಇತಿಹಾಸದ ಹೊರಗಿಲ್ಲ. ಕೆನಡಾದ ಸಮಾಜಶಾಸ್ತ್ರಜ್ಞೆ ಐಲೀನ್ ರಾಸ್ 1961ರಲ್ಲಿ ಪ್ರಕಟಿಸಿದ, ನಗರದ ಹಿಂದೂ ಕುಟುಂಬವನ್ನು ಕುರಿತ ಗ್ರಂಥಕ್ಕೆ ಆಧಾರವಾದದ್ದು ಬೆಂಗಳೂರಿನ ಮಧ್ಯಮ ಮತ್ತು ಮೇಲ್ವರ್ಗದ ಜನರ ಸಂದರ್ಶನಗಳು. ಕೂಡು ಕುಟುಂಬ ಚಿಕ್ಕದಾಗುತ್ತ ಹೋದಂತೆ ಅಧಿಕಾರ, ಹೊಣೆ, ಅಕ್ಕರೆ ಇವೆಲ್ಲ ಯಾರಿಂದ ಯಾರಿಗೆ ಕೈಬದಲಾಗುತ್ತವೆ ಎಂಬುದು ಅವರ ಪ್ರಶ್ನೆಯಾಗಿತ್ತು. ಎಪ್ಪತ್ತರ ದಶಕದ ಕೊನೆಯಲ್ಲಿ ನಿಮ್ಹಾನ್ಸ್ ಕುಟುಂಬವನ್ನೇ ಒಟ್ಟಾಗಿ ಚಿಕಿತ್ಸೆಗೆ ತೆಗೆದುಕೊಳ್ಳುವ ಘಟಕ ಆರಂಭಿಸಿತು. ಮಗುವಿನ ಹಟಕ್ಕೋ ಮೂರ್ಛೆಗೋ ಮಗುವೊಂದನ್ನೇ ನೋಡಿದರೆ ಸಾಲದು, ಕರೆತಂದ ಅಪ್ಪ ಅಮ್ಮನನ್ನೂ ಕೂರಿಸಿಕೊಳ್ಳಬೇಕು ಎಂಬ ತಿಳಿವಳಿಕೆ ಈ ನಗರದ ವೈದ್ಯಕೀಯದಲ್ಲಿ ಸುಮಾರು ಐವತ್ತು ವರ್ಷ ಹಳೆಯದು. ಅಷ್ಟು ಹಳೆಯದಾದ ಆ ತಿಳಿವಳಿಕೆ ಮನೆಮನೆಗೆ ಇಳಿದಿದೆಯೇ ಎಂಬುದು ಬೇರೆ ಮಾತು.

ಇಳಿದಿಲ್ಲ ಎನ್ನಲು ಬೆಂಗಳೂರಿನದೇ ಒಂದು ಅಂಕಿ ಸಾಕ್ಷಿ. ಶೋಭಾ ಶ್ರೀನಾಥ್ ಮತ್ತು ನಿಮ್ಹಾನ್ಸ್‌ನ ಸಹೋದ್ಯೋಗಿಗಳು ಬೆಂಗಳೂರಿನ ಮಧ್ಯಮವರ್ಗದ ಬಡಾವಣೆ, ಕೊಳೆಗೇರಿ ಮತ್ತು ಸುತ್ತಲಿನ ಹಳ್ಳಿಗಳಲ್ಲಿ 16 ವರ್ಷದೊಳಗಿನ 2,064 ಮಕ್ಕಳನ್ನು ಪರೀಕ್ಷಿಸಿ 2005ರಲ್ಲಿ ವರದಿ ಕೊಟ್ಟರು. ಶೇ 12.5ರಷ್ಟು ಮಕ್ಕಳಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ದೈಹಿಕ ಹಿಂಸೆ ಮತ್ತು ಪೋಷಕರ ಮಾನಸಿಕ ಕಾಯಿಲೆ ಇವೆರಡಕ್ಕೂ ಮಕ್ಕಳ ತೊಂದರೆಗೂ ನಂಟು ಕಂಡಿತು. ನನ್ನನ್ನು ಹೆಚ್ಚು ಕಲಕುವುದು ಅದೇ ವರದಿಯ ಇನ್ನೊಂದು ಅಂಕಿ: ಮಗುವಿಗೆ ತೊಂದರೆಯಿದೆ ಎಂದು ಗುರುತಿಸಿದ ಕುಟುಂಬಗಳು ಶೇ 37.5 ಮಾತ್ರ. ಉಳಿದವರಿಗೆ ಅದು ಹಟವೋ, ಸೋಮಾರಿತನವೋ, ದೃಷ್ಟಿಯೋ, ವಯಸ್ಸಿನ ಗುಣವೋ ಆಗಿ ಕಂಡಿರಬೇಕು.

ಕಂಡದ್ದನ್ನು ಕಲಿಯುವುದು

ಕಲಹ ಮಗುವಿಗೆ ಇಳಿಯುವ ದಾರಿ ಯಾವುದು ಎಂಬ ಬಗ್ಗೆ ಹಲವು ಪಂಥಗಳಿವೆ. ಮೊದಲ ಪಂಥ ಎಲ್ಲರಿಗೂ ಸುಲಭವಾಗಿ ಒಪ್ಪಿಗೆಯಾಗುವಂಥದ್ದು. ಆಲ್ಬರ್ಟ್ ಬಂಡೂರ 1961ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ನಡೆಸಿದ ಪ್ರಯೋಗದಲ್ಲಿ, ದೊಡ್ಡವರು ಗಾಳಿಗೊಂಬೆಯನ್ನು ಹೊಡೆಯುವುದನ್ನು ಕಂಡ ಮಕ್ಕಳು ಅವಕಾಶ ಸಿಕ್ಕಾಗ ತಾವೂ ಹಾಗೇ ಹೊಡೆದರು. ಮನೆಯಲ್ಲಿ ಗೆಲ್ಲುವುದು ದನಿ ಏರಿಸಿದವರ ಮಾತೇ ಎಂದು ಕಂಡ ಹುಡುಗ ಶಾಲೆಯ ಮೈದಾನದಲ್ಲೂ ಅದನ್ನೇ ಪ್ರಯೋಗಿಸುತ್ತಾನೆ ಎಂಬುದು ಈ ಪಂಥದ ವಿವರಣೆ. ಹೊಡೆದಾಟ, ಬೈಗುಳ, ಎದುರುತ್ತರ ಇವಕ್ಕೆ ಇದು ಸರಿಹೊಂದುತ್ತದೆ. ಆದರೆ ಅದೇ ಮನೆಯ ಅಕ್ಕ ಯಾಕೆ ಯಾರ ಮೇಲೂ ಕೈ ಎತ್ತದೆ, ಪರೀಕ್ಷೆಯ ಹಿಂದಿನ ದಿನ ಹೊಟ್ಟೆನೋವು ಎಂದು ಮುದುಡಿ ಮಲಗುತ್ತಾಳೆ? ಅನುಕರಣೆಯ ಸಿದ್ಧಾಂತದಲ್ಲಿ ಅವಳಿಗೆ ಉತ್ತರವಿಲ್ಲ.

ಕಾಲ ಕೆಳಗಿನ ನೆಲ

ಅಕ್ಕನ ಬಗ್ಗೆ ಮಾತಾಡಿದ್ದು ತೊಂಬತ್ತರ ದಶಕದ ಎರಡು ಪಂಥಗಳು. 1990ರಲ್ಲಿ ಜಾನ್ ಗ್ರೈಚ್ ಮತ್ತು ಫ್ರಾಂಕ್ ಫಿಂಚಮ್ ಮಗುವನ್ನು ಸುಮ್ಮನೆ ಏಟು ತಿನ್ನುವ ಜೀವವಾಗಿ ನೋಡದೆ, ಅರ್ಥ ಹುಡುಕುವ ಜೀವವಾಗಿ ನೋಡಿದರು. ಜಗಳ ಕೇಳಿಸಿದ ಕೂಡಲೇ ಮಗುವಿನ ಮನಸ್ಸು ಪ್ರಶ್ನೆಗಳನ್ನು ಹಾಕಿಕೊಳ್ಳುತ್ತದೆ: ಇದು ಎಷ್ಟು ಅಪಾಯ? ತಪ್ಪು ಯಾರದು? ನಾನೇನು ಮಾಡಲಿ? ಜಗಳದ ವಿಷಯ ತಾನೇ ಎಂದು ಮಗುವಿಗೆ ಅನ್ನಿಸಿದಾಗ ನಾಚಿಕೆ, ಅಪರಾಧಭಾವ ಮತ್ತು ತನ್ನನ್ನು ನಡುವೆ ಎಳೆಯುತ್ತಾರೆಂಬ ಭಯ ಹೆಚ್ಚುತ್ತವೆ ಎಂದು ಅವರ ನಂತರದ ಪ್ರಯೋಗಗಳು ತೋರಿಸಿದವು.

ನಮ್ಮ ಬಡಾವಣೆಗಳ ಜಗಳಗಳನ್ನು ನೆನೆದರೆ ಈ ಮಾತಿನ ತೂಕ ತಿಳಿಯುತ್ತದೆ. ಯಾವ ಶಾಲೆಗೆ ಸೇರಿಸುವುದು, ಸಿಬಿಎಸ್‌ಇಯೋ ಸ್ಟೇಟ್ ಸಿಲಬಸ್ಸೋ, ಟ್ಯೂಷನ್ ಫೀಸು ಯಾರ ಸಂಬಳದಿಂದ, ಅಂಕ ಕಡಿಮೆ ಬಂದದ್ದಕ್ಕೆ ನೀನು ಕಾರಣವೋ ನಾನೋ. ನಗರದ ಮಧ್ಯಮವರ್ಗದ ದಾಂಪತ್ಯ ಕಲಹದ ದೊಡ್ಡ ಪಾಲು ಮಗುವಿನ ಹೆಸರಿನಲ್ಲೇ ನಡೆಯುತ್ತದೆ. ನಿನಗೋಸ್ಕರ ತಾನೇ ಇಷ್ಟೆಲ್ಲ ಎಂಬ ಮಾತನ್ನು ಎಂಟು ವರ್ಷದ ಮಗು ಅಕ್ಷರಶಃ ತೆಗೆದುಕೊಳ್ಳುತ್ತದೆ. ತಾನಿಲ್ಲದಿದ್ದರೆ ಇವರು ಜಗಳವಾಡುತ್ತಿರಲಿಲ್ಲ ಎಂಬ ಲೆಕ್ಕಕ್ಕೆ ಬರಲು ಅದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ.

ಇನ್ನೊಂದು ಪಂಥ ಮಾರ್ಕ್ ಕಮಿಂಗ್ಸ್ ಮತ್ತು ಪ್ಯಾಟ್ರಿಕ್ ಡೇವಿಸ್ ಅವರದು. 1994ರಲ್ಲಿ ಅವರು ಮುಂದಿಟ್ಟ ಭಾವಭದ್ರತೆಯ ಸಿದ್ಧಾಂತ ಬೌಲ್ಬಿಯ ಎಳೆಯನ್ನೇ ಹಿಡಿದು ಮುಂದೆ ಹೋಯಿತು. ಅಮ್ಮನೊಂದಿಗೆ ತನಗಿರುವ ನಂಟು, ಅಪ್ಪನೊಂದಿಗೆ ತನಗಿರುವ ನಂಟು ಇವೆರಡರಿಂದಷ್ಟೇ ಮಗುವಿಗೆ ಭದ್ರತೆ ಸಿಗುವುದಿಲ್ಲ. ಅವರಿಬ್ಬರ ನಡುವಿನ ನಂಟೂ ಅದರ ಕಾಲ ಕೆಳಗಿನ ನೆಲ. ಆ ನೆಲ ಅದುರಿದಾಗ ಮಗು ತನ್ನ ಭದ್ರತೆಯನ್ನು ತಾನೇ ಕಟ್ಟಿಕೊಳ್ಳಲು ಹೊರಡುತ್ತದೆ. ಒಂದು ಮಗು ನಡುವೆ ನುಗ್ಗಿ ಬಿಡಿಸುತ್ತದೆ, ಇನ್ನೊಂದು ತಾನೇ ಲೋಟ ಬೀಳಿಸಿ ಗಲಾಟೆ ಮಾಡಿ ಎಲ್ಲರ ಗಮನ ತನ್ನ ಕಡೆ ತಿರುಗಿಸಿಕೊಳ್ಳುತ್ತದೆ, ಮತ್ತೊಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಲ್ಲಾಗುತ್ತದೆ. ಟೀಚರ್ ತುಂಟ ಎನ್ನುವ ಹುಡುಗ, ಅಜ್ಜಿ ಜಾಣೆ ಎನ್ನುವ ಹುಡುಗಿ ಇಬ್ಬರೂ ಮಾಡುತ್ತಿರುವುದು ಒಂದೇ ಕೆಲಸವಾಗಿರಬಹುದು.

ಈ ಪಂಥದ ಬಲ ಅದರ ಪ್ರಯೋಗಗಳಲ್ಲಿದೆ. ಎರಡು ವರ್ಷದ ಮಕ್ಕಳ ಹತ್ತಿರ ಅಪರಿಚಿತರಿಬ್ಬರು ಸಿಟ್ಟಿನಿಂದ ಮಾತಾಡಿದರೂ ಮಕ್ಕಳು ಕಂಗೆಡುತ್ತಾರೆ, ಆಮೇಲೆ ಜೊತೆಗಾರರ ಮೇಲೆ ಕೈಮಾಡುವುದು ಹೆಚ್ಚುತ್ತದೆ ಎಂದು ಕಮಿಂಗ್ಸ್ ಮತ್ತು ಸಂಗಡಿಗರು 1985ರಲ್ಲೇ ತೋರಿಸಿದ್ದರು. ನಂತರದ ಅಧ್ಯಯನಗಳು ಇನ್ನೂ ಉಪಯುಕ್ತವಾದದ್ದನ್ನು ಹೇಳಿದವು. ಮಾತು ಬಿಟ್ಟು ಮುಖ ತಿರುಗಿಸಿಕೊಂಡು ಓಡಾಡುವ ಮೌನದ ಜಗಳವೂ ಮಕ್ಕಳನ್ನು ಕಲಕುತ್ತದೆ. ಜಗಳ ಇತ್ಯರ್ಥವಾದದ್ದನ್ನು ಮಕ್ಕಳು ಕಂಡರೆ ಕಳವಳ ಬಹಳಷ್ಟು ಇಳಿಯುತ್ತದೆ. ಅದು ಮುಚ್ಚಿದ ಬಾಗಿಲ ಹಿಂದೆ ಇತ್ಯರ್ಥವಾಗಿ, ಸರಿಹೋಯಿತು ಎಂದು ಮಗುವಿಗೆ ತಿಳಿಸಿದರೂ ಕೂಡ. ಮಕ್ಕಳ ಮುಂದೆ ಜಗಳ ಬೇಡ ಎಂಬ ನಮ್ಮ ಹಿರಿಯರ ಬುದ್ಧಿಮಾತು ಅರ್ಧ ಸರಿ. ಜಗಳ ಮಕ್ಕಳ ಮುಂದೆ, ರಾಜಿ ಕತ್ತಲಲ್ಲಿ ಎಂಬುದೇ ಬಹಳ ಮನೆಗಳ ರೂಢಿ. ಉಂಡು ಮಲಗಿದ ಮೇಲೆ ಸರಿಹೋದದ್ದು ದೊಡ್ಡವರಿಗೆ ಗೊತ್ತು, ಪಕ್ಕದ ಚಾಪೆಯ ಮೇಲೆ ಕಣ್ಣು ಮುಚ್ಚಿ ಕೇಳಿಸಿಕೊಂಡ ಮಗುವಿಗೆ ಯಾರೂ ಹೇಳುವುದಿಲ್ಲ.

ಮೈಯ ಸಾಕ್ಷ್ಯವೂ ಈಚೆಗೆ ಸೇರಿದೆ. ಅಮೆರಿಕದ ಆಬರ್ನ್ ವಿಶ್ವವಿದ್ಯಾಲಯದ ಮೋನಾ ಎಲ್‌ಶೇಖ್ ಮಕ್ಕಳ ಕೈಗೆ ಚಲನೆ ಅಳೆಯುವ ಸಾಧನ ಕಟ್ಟಿ, ಪೋಷಕರ ಕಲಹ ಹೆಚ್ಚಿದ್ದಲ್ಲಿ ಮಕ್ಕಳ ನಿದ್ದೆ ಕಡಿಮೆ ಮತ್ತು ತುಂಡುತುಂಡು ಎಂದು ತೋರಿಸಿದರು. 2013ರಲ್ಲಿ ಆಲಿಸ್ ಗ್ರಹಾಂ ತಂಡ ಆರರಿಂದ ಹನ್ನೆರಡು ತಿಂಗಳ ಕೂಸುಗಳು ನಿದ್ದೆಯಲ್ಲಿರುವಾಗಲೇ ಮಿದುಳಿನ ಸ್ಕ್ಯಾನ್ ಮಾಡುತ್ತ ಸಿಟ್ಟಿನ ದನಿ ಕೇಳಿಸಿತು. ಕಲಹ ಹೆಚ್ಚಿದ್ದ ಮನೆಯ ಕೂಸುಗಳ ಮಿದುಳಿನಲ್ಲಿ ಭಾವ ಮತ್ತು ಒತ್ತಡವನ್ನು ನಿರ್ವಹಿಸುವ ಭಾಗಗಳು ಹೆಚ್ಚು ಸ್ಪಂದಿಸಿದವು. ಕೂಸಿಗೇನು ಗೊತ್ತಾಗುತ್ತೆ ಎಂಬ ಮಾತನ್ನು ಇನ್ನು ಧೈರ್ಯವಾಗಿ ಆಡುವಂತಿಲ್ಲ.

ಇಬ್ಬರ ಜಗಳವೋ, ಐವರದೋ

ಕುಟುಂಬ ವ್ಯವಸ್ಥೆಯ ಪಂಥ ಮಗುವಿನ ಒಳಮನಸ್ಸಿಗಿಂತ ಮನೆಯ ವಿನ್ಯಾಸವನ್ನು ನೋಡುತ್ತದೆ. ಮರ್ರೆ ಬೋವೆನ್, ಸಾಲ್ವಡೋರ್ ಮಿನುಚಿನ್ ಇದರ ಪ್ರವರ್ತಕರು. ಇಬ್ಬರ ನಡುವಿನ ಬಿಗಿ ತಾಳಲಾರದಷ್ಟಾದಾಗ ಮೂರನೆಯವರನ್ನು ಎಳೆದುಕೊಳ್ಳುತ್ತಾರೆ, ಆ ಮೂರನೆಯವರು ಹೆಚ್ಚಾಗಿ ಮಗು ಎಂಬುದು ಅವರ ಮುಖ್ಯ ಮಾತು. ಮಾತು ಬಿಟ್ಟ ಗಂಡ ಹೆಂಡಿರ ನಡುವೆ ಹೋಗಿ ಅಪ್ಪನಿಗೆ ಹೇಳು, ಹೋಗಿ ಅಮ್ಮನನ್ನು ಕೇಳು ಎಂದು ಓಡಾಡುವ ದೂತ ಮಗುವೇ. ಯಾರ ಕಡೆ ನೀನು ಎಂಬ ಪ್ರಶ್ನೆಗೆ ಪ್ರತಿದಿನ ಉತ್ತರ ಕೊಡಬೇಕಾದ ಸಾಕ್ಷಿಯೂ ಅದೇ. ಇದಕ್ಕೆ ಹೊಂದಿಕೊಂಡಂತೆ ಇನ್ನೊಂದು ವಿವರಣೆಯಿದೆ: ದಾಂಪತ್ಯದ ಕಹಿ ಪಾಲನೆಗೆ ಸೋರುತ್ತದೆ. ಗಂಡನ ಮೇಲಿನ ಸಿಟ್ಟು ಹೋಮ್‌ವರ್ಕ್ ಮಾಡದ ಮಗನ ಬೆನ್ನಿಗೆ ಬೀಳುತ್ತದೆ, ಅಥವಾ ಬೇಸತ್ತ ಅಪ್ಪ ಮನೆಗೆ ಬರುವುದನ್ನೇ ತಡಮಾಡುತ್ತ ಮಗಳಿಂದಲೂ ದೂರವಾಗುತ್ತಾನೆ. 1995ರಲ್ಲಿ ಎರೆಲ್ ಮತ್ತು ಬರ್ಮನ್ 68 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ ದಾಂಪತ್ಯದ ಗುಣಕ್ಕೂ ಪಾಲನೆಯ ಗುಣಕ್ಕೂ ಇಂಥ ನಂಟು ಖಚಿತವಾಗಿತ್ತು.

ಆದರೆ ಈ ಸಿದ್ಧಾಂತಗಳ ಮನೆಯಲ್ಲಿ ಇರುವವರು ಅಪ್ಪ, ಅಮ್ಮ, ಮಗು ಮೂವರೇ. ನಮ್ಮ ಮನೆ ಹಾಗಿಲ್ಲ. ಆರ್.ಟಿ. ನಗರದ, ಗಂಗಾನಗರದ ಹಳೆಯ ಮನೆಗಳಲ್ಲಿ ಕೆಳಗೆ ಅತ್ತೆ ಮಾವ, ಮೇಲೆ ಮಗ ಸೊಸೆ. ಯಲಹಂಕ ಉಪನಗರದ ಎಷ್ಟೋ ಸಂಸಾರಗಳಲ್ಲಿ ಮಗು ನೋಡಿಕೊಳ್ಳಲು ಊರಿನಿಂದ ಬಂದ ಅಜ್ಜಿ. ಜಗಳದ ಮೂಲವೇ ಬಹಳ ಸಲ ಅಲ್ಲಿರುತ್ತದೆ: ನಿಮ್ಮಮ್ಮ ಹೀಗಂದರು, ನಿನ್ನ ತವರಿನವರು ಹಾಗೆ ಮಾಡಿದರು. ಮಗುವಿನ ಮುಂದೆ ಅಮ್ಮನನ್ನು ಜರೆಯುವ ಅಜ್ಜಿಯೂ ಇದ್ದಾಳೆ, ಜಗಳ ಶುರುವಾದ ಕೂಡಲೇ ಮಗುವನ್ನು ಸೊಂಟಕ್ಕೇರಿಸಿಕೊಂಡು ಗಣಪತಿ ಗುಡಿಗೆ ಹೋಗಿಬಿಡುವ ಅಜ್ಜಿಯೂ ಇದ್ದಾಳೆ. ಹವಾಯಿಯ ಕೌಆಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ದಶಕಗಳ ಕಾಲ ಹಿಂಬಾಲಿಸಿದ ಎಮ್ಮಿ ವರ್ನರ್, ಬಡತನ ಕಲಹಗಳ ನಡುವೆ ಬೆಳೆದ ಮಕ್ಕಳಲ್ಲೂ ಸುಮಾರು ಮೂರನೇ ಒಂದರಷ್ಟು ಮಂದಿ ಚೆನ್ನಾಗಿಯೇ ಬಾಳಿದ್ದನ್ನು ಕಂಡರು. ಅಂಥವರ ಬದುಕಿನಲ್ಲಿ ಅಪ್ಪ ಅಮ್ಮನ ಆಚೆ ಅಜ್ಜಿಯೋ ಚಿಕ್ಕಮ್ಮನೋ ಮೇಷ್ಟರೋ, ನೆಚ್ಚಬಹುದಾದ ಒಬ್ಬ ಹಿರಿಯರು ಇರುತ್ತಿದ್ದರು. ಕೂಡು ಕುಟುಂಬ ಮಗುವನ್ನು ಕಾಯುತ್ತದೆ ಎಂಬ ಸಾರಾಸಗಟು ಮಾತನ್ನು ನಾನು ಒಪ್ಪಲಾರೆ. ಒಬ್ಬ ಹೆಚ್ಚಿನ ಹಿರಿಯ ಜೀವ ಮನೆಯಲ್ಲಿರುವುದು ಮಗುವಿಗೆ ಆಸರೆಯಾಗುವುದು ಆ ಜೀವ ಪಕ್ಷ ಹಿಡಿಯದಿದ್ದಾಗ ಮಾತ್ರ.

ರಕ್ತದ್ದೋ, ಮನೆಯದೋ

ಒಂದು ಆಕ್ಷೇಪವನ್ನು ಗಂಭೀರವಾಗಿಯೇ ಎದುರಿಸಬೇಕು. ಸಿಡುಕು ಸ್ವಭಾವದ ಪೋಷಕರಿಗೆ ಸಿಡುಕು ಮಕ್ಕಳು ಹುಟ್ಟುವುದು ಜೀನ್‌ಗಳಿಂದ, ಜಗಳಕ್ಕೂ ಮಗುವಿನ ವರ್ತನೆಗೂ ಕಾರಣ ಒಂದೇ ಎಂದರೆ? ನಿಮ್ಹಾನ್ಸ್‌ನ ವಿವೇಕ್ ಬೆನಗಲ್ ಮತ್ತು ಸಹೋದ್ಯೋಗಿಗಳು ತೊಂಬತ್ತರ ದಶಕದಲ್ಲೇ ಮದ್ಯವ್ಯಸನಿಗಳ ಗಂಡುಮಕ್ಕಳ ಮಿದುಳಿನ ವಿದ್ಯುತ್ ಅಲೆಗಳಲ್ಲಿ ವ್ಯತ್ಯಾಸ ಗುರುತಿಸಿದ್ದರು. ಕುಡಿತದ ಮನೆಯ ಮಗುವಿಗೆ ಜಗಳವೂ ಬಳುವಳಿ, ಮಿದುಳಿನ ಗುಣವೂ ಬಳುವಳಿ. ಎರಡನ್ನೂ ಬಿಡಿಸುವುದು ಸುಲಭವಲ್ಲ.

ಬಿಡಿಸಲು ಯತ್ನಿಸಿದವರಲ್ಲಿ ಬ್ರಿಟನ್ನಿನ ಗಾರ್ಡನ್ ಹೆರಾಲ್ಡ್ ಮುಖ್ಯರು. ದತ್ತು ಮಕ್ಕಳು, ದಾನಿಗಳ ಅಂಡ ಅಥವಾ ವೀರ್ಯದಿಂದ ಹುಟ್ಟಿದ ಮಕ್ಕಳು ಬೆಳೆಯುವ ಮನೆಗಳಲ್ಲಿ ಪೋಷಕರಿಗೂ ಮಗುವಿಗೂ ರಕ್ತಸಂಬಂಧ ಪೂರ್ತಿ ಇರುವುದಿಲ್ಲ. ಅಂಥ ಮನೆಗಳಲ್ಲೂ ಕಲಹ, ಒರಟು ಪಾಲನೆ ಮತ್ತು ಮಗುವಿನ ತೊಂದರೆ ಒಂದನ್ನೊಂದು ಹಿಂಬಾಲಿಸಿದವು. ಜೀನ್‌ಗಳ ಪಾಲಿಲ್ಲ ಎಂದು ಇದರರ್ಥವಲ್ಲ. ಎಲ್ಲವನ್ನೂ ಹಣೆಬರಹಕ್ಕೆ, ವಂಶಕ್ಕೆ ಹೊರಿಸಿ ಕೈತೊಳೆದುಕೊಳ್ಳುವಂತಿಲ್ಲ ಎಂಬಷ್ಟು ಖಚಿತ.

ಜಗಳದ ಆಚೆ, ಹಿಂಸೆಯ ಕಡೆಗೆ

ಈ ಸಾಹಿತ್ಯವನ್ನೆಲ್ಲ ಓದುವಾಗ ಒಂದು ಗೆರೆಯನ್ನು ಮರೆಯಬಾರದು. ಇಬ್ಬರೂ ಸಮಾನವಾಗಿ ಕೂಗಾಡುವುದು ಬೇರೆ, ಒಬ್ಬರು ಹೊಡೆದು ಇನ್ನೊಬ್ಬರು ಹೆದರುವುದು ಬೇರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ (2019-21) ಕರ್ನಾಟಕದಲ್ಲಿ ಮದುವೆಯಾದ 18ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 44.4 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ನಾಲ್ಕನೇ ಸುತ್ತಿನಲ್ಲಿ ಇದು ಶೇ 20.6 ಇತ್ತು. ಹಿಂಸೆಯೇ ದುಪ್ಪಟ್ಟಾಯಿತೋ, ಹೇಳಿಕೊಳ್ಳುವ ಧೈರ್ಯ ಹೆಚ್ಚಿತೋ ಎಂಬುದು ಚರ್ಚೆಯ ವಿಷಯ. ಎರಡರಲ್ಲಿ ಯಾವುದಾದರೂ, ಆ ಮನೆಗಳಲ್ಲಿ ಮಕ್ಕಳಿದ್ದಾರೆ. ಫೆಲಿಟ್ಟಿ ಮತ್ತು ಆಂಡಾ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ನಡೆಸಿ 1998ರಲ್ಲಿ ಪ್ರಕಟಿಸಿದ, ಬಾಲ್ಯದ ಆಘಾತಗಳ ಹೆಸರಾಂತ ಅಧ್ಯಯನ ತಾಯಿಗೆ ಆಗುವ ಹಿಂಸೆಯನ್ನು ನೋಡುವುದನ್ನೇ ಒಂದು ಆಘಾತವಾಗಿ ಎಣಿಸಿತ್ತು. ಬ್ರಿಟನ್ 2021ರ ಕಾನೂನಿನಲ್ಲಿ, ಮನೆಯ ಹಿಂಸೆಯನ್ನು ನೋಡುವ ಕೇಳುವ ಮಗುವನ್ನು ಸ್ವತಃ ಸಂತ್ರಸ್ತ ಎಂದು ಗುರುತಿಸಿದೆ. ನಮ್ಮ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಕೇಂದ್ರದಲ್ಲಿರುವವಳು ಮಹಿಳೆ. ಮಗುವಿನ ತಾತ್ಕಾಲಿಕ ಪಾಲನೆಗೆ 21ನೇ ಕಲಂ ಇದೆ, ಆದರೆ ಗೋಡೆಗೆ ಒರಗಿ ನಿಂತು ನೋಡಿದ ಮಗುವಿಗೆ ಬ್ರಿಟನ್ನಿನಲ್ಲಿ ಸಿಕ್ಕಂಥ ಹೆಸರು ಅದರಲ್ಲಿಲ್ಲ.

ಮಕ್ಕಳ ಮುಖ ನೋಡಿಕೊಂಡು

ಮಕ್ಕಳ ಮುಖ ನೋಡಿಕೊಂಡು ಸುಮ್ಮನಿದ್ದೇನೆ. ಆಪ್ತಸಮಾಲೋಚಕರ ಮುಂದೆ, ತವರಿನ ಅಂಗಳದಲ್ಲಿ, ಪೊಲೀಸ್ ಕಮಿಷನರ್ ಕಚೇರಿಯ ವನಿತಾ ಸಹಾಯವಾಣಿಯಲ್ಲಿ ಈ ಮಾತು ಎಷ್ಟು ಸಲ ಬಂದಿರುತ್ತದೋ. ಅಡ್ಜಸ್ಟ್ ಮಾಡ್ಕೋ ಎನ್ನುವವರ ವಾದವೂ ಇದೇ. ಇದು ಸರಿಯೇ?

ಇಲ್ಲಿ ಎರಡು ಸಂಶೋಧನಾ ಪರಂಪರೆಗಳು ಡಿಕ್ಕಿ ಹೊಡೆದಿವೆ. ಕ್ಯಾಲಿಫೋರ್ನಿಯಾದಲ್ಲಿ 1971ರಿಂದ 60 ವಿಚ್ಛೇದಿತ ಕುಟುಂಬಗಳನ್ನು ಹಿಂಬಾಲಿಸಿದ ಜೂಡಿತ್ ವಾಲರ್‌ಸ್ಟೈನ್, ವಿಚ್ಛೇದನದ ನೋವು ಮಕ್ಕಳ ಯೌವನದ ತನಕ ಹರಿಯುತ್ತದೆ ಎಂದರು. ಅವರ ಗುಂಪು ಚಿಕ್ಕದು, ಹೋಲಿಸಲು ಬೇರೆ ಗುಂಪಿರಲಿಲ್ಲ ಎಂದು ಟೀಕಾಕಾರರು ಹೇಳಿದರು. ಪಾಲ್ ಅಮಾಟೊ ಮತ್ತು ಸಂಗಡಿಗರು 1995ರಲ್ಲಿ ಪ್ರಶ್ನೆಯನ್ನೇ ಎರಡಾಗಿ ಸೀಳಿದರು. ಕಲಹ ತೀವ್ರವಾಗಿದ್ದ ಮನೆಗಳ ಮಕ್ಕಳು, ಪೋಷಕರು ಬೇರೆಯಾದ ಮೇಲೆ, ಒಟ್ಟಿಗೇ ಉಳಿದವರ ಮಕ್ಕಳಿಗಿಂತ ಚೆನ್ನಾಗಿದ್ದರು. ಕಲಹ ಕಡಿಮೆಯಿದ್ದ ಮನೆಗಳು ಒಡೆದಾಗ ಮಕ್ಕಳಿಗೆ ಹೆಚ್ಚು ಪೆಟ್ಟಾಯಿತು, ಯಾಕೆಂದರೆ ಅವರು ಅದನ್ನು ನಿರೀಕ್ಷಿಸಿರಲಿಲ್ಲ, ಬಿಡುಗಡೆ ಎಂದೂ ಅನ್ನಿಸಲಿಲ್ಲ. ಮಕ್ಕಳ ಮುಖ ನೋಡಿಕೊಂಡು ಉಳಿಯಬೇಕೇ ಎಂಬುದಕ್ಕೆ ಹಾಗಾಗಿ ಎಲ್ಲ ಮನೆಗೂ ಹೊಂದುವ ಒಂದೇ ಉತ್ತರವಿಲ್ಲ. ತೀವ್ರ ಕಲಹದ, ಅದರಲ್ಲೂ ಹಿಂಸೆಯ ಮನೆಯಲ್ಲಿ ಉಳಿಯುವುದನ್ನು ಮಕ್ಕಳ ಹೆಸರಿನಲ್ಲಿ ಸಮರ್ಥಿಸುವುದು ತಪ್ಪು ಎಂದು ಮಾತ್ರ ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ. ನಮ್ಮ ಹಿರಿಯರು ಅಡ್ಜಸ್ಟ್ ಮಾಡ್ಕೋ ಎಂದು ಕಳಿಸುವುದು ಹೆಚ್ಚಾಗಿ ಇಂಥ ಮನೆಗಳಿಗೇ.

ಬೇರೆಯಾದರೆ ಜಗಳ ನಿಲ್ಲುತ್ತದೆಯೇ? ಎಚ್. ಸಿದ್ದಯ್ಯ ರಸ್ತೆಯಲ್ಲಿ ಕುಟುಂಬ ನ್ಯಾಯಾಲಯವಿರುವ ನ್ಯಾಯದೇಗುಲದ ಮೆಟ್ಟಿಲು ಹತ್ತಿದ ಎಷ್ಟೋ ಕುಟುಂಬಗಳಿಗೆ ಅದು ಅಲ್ಲಿ ಹೊಸ ರೂಪ ಪಡೆಯುತ್ತದೆ. 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪೋಷಕತ್ವ ಕಾಯ್ದೆ ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಲಿ ಎನ್ನುತ್ತದೆ. ಆಮೇಲಿನದಕ್ಕೆ ಮಗುವಿನ ಹಿತವೇ ಅಳತೆ, ಆ ಹಿತ ಏನೆಂಬುದೇ ವ್ಯಾಜ್ಯ. 2013ರಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಪ್ರಕರಣದಲ್ಲಿ ವರ್ಷವನ್ನೇ ಎರಡಾಗಿ ಹಂಚಿತು: ಜನವರಿಯಿಂದ ಜೂನ್ ತನಕ ತಂದೆಯ ಮನೆ, ಜುಲೈನಿಂದ ಡಿಸೆಂಬರ್ ತನಕ ತಾಯಿಯ ಮನೆ, ಖರ್ಚು ಸಮಪಾಲು, ಇನ್ನೊಬ್ಬರೊಂದಿಗೆ ವಾರಾಂತ್ಯದ ಭೇಟಿ ಮತ್ತು ಫೋನ್ ಮಾತುಕತೆ. ಜಂಟಿ ಪಾಲನೆಗೆ ಭಾರತದಲ್ಲಿ ಮುಖ್ಯ ಉದಾಹರಣೆಯಾದ ತೀರ್ಪಿದು. 2015ರ ಮೇ ತಿಂಗಳ ತನ್ನ 257ನೇ ವರದಿಯಲ್ಲಿ ಕಾನೂನು ಆಯೋಗ ಇದನ್ನು ಉಲ್ಲೇಖಿಸಿ ಜಂಟಿ ಪಾಲನೆಯನ್ನು ಕಾಯ್ದೆಗೆ ಸೇರಿಸಲು ಶಿಫಾರಸು ಮಾಡಿತು.

ಇಬ್ಬರ ಪ್ರೀತಿಯೂ ಮಗುವಿನ ಹಕ್ಕು ಎಂಬ ಮಾತನ್ನು ಯಾರು ಅಲ್ಲಗಳೆಯುತ್ತಾರೆ? ಸ್ವೀಡನ್ನಿನ ಅಧ್ಯಯನಗಳಲ್ಲಿ ಎರಡೂ ಮನೆಗಳಲ್ಲಿ ಬೆಳೆಯುವ ಮಕ್ಕಳು ಒಬ್ಬರೊಂದಿಗೆ ಮಾತ್ರ ಇರುವವರಿಗಿಂತ ಕಡಿಮೆ ತೊಂದರೆ ಹೇಳಿಕೊಂಡಿದ್ದಾರೆ. ಆದರೆ ಆಸ್ಟ್ರೇಲಿಯಾದ ಜೆನಿಫರ್ ಮ್ಯಾಕಿಂಟಾಷ್ ಎಚ್ಚರಿಸಿದರು: ಕಲಹ ಆರದ ಪೋಷಕರ ನಡುವೆ ಹಂಚಿಹೋದ ಮಗು ಪ್ರತಿ ಕೈಬದಲಿಗೂ ಯುದ್ಧರಂಗ ದಾಟಬೇಕು. ಆ ದೇಶ 2006ರಲ್ಲಿ ತಂದ, ಸಮಾನ ಹೊಣೆಯನ್ನು ಮೊದಲೇ ಊಹಿಸಿಕೊಳ್ಳುವ ನಿಯಮವನ್ನು 2023ರ ತಿದ್ದುಪಡಿಯಲ್ಲಿ ಕೈಬಿಟ್ಟಿತು.

ಇನ್ನೊಂದು ಕಗ್ಗಂಟು, ಪೋಷಕರಲ್ಲಿ ಒಬ್ಬರು ಇನ್ನೊಬ್ಬರ ವಿರುದ್ಧ ಮಗುವಿನ ಮನಸ್ಸು ಕೆಡಿಸಿದ್ದಾರೆ ಎಂಬ ಆರೋಪ. ಅಮೆರಿಕದ ರಿಚರ್ಡ್ ಗಾರ್ಡ್ನರ್ 1985ರಲ್ಲಿ ಇದಕ್ಕೊಂದು ರೋಗದ ಹೆಸರನ್ನೇ ಕೊಟ್ಟರು. ನಮ್ಮ ಸುಪ್ರೀಂ ಕೋರ್ಟ್ 2017ರ ಒಂದು ಪಾಲನಾ ತೀರ್ಪಿನಲ್ಲಿ ಅದನ್ನು ಪ್ರಸ್ತಾಪಿಸಿತು. ಆದರೆ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಆ ಪದವನ್ನು ತನ್ನ ರೋಗಪಟ್ಟಿಯ ಸೂಚಿಯಿಂದ ತೆಗೆದುಹಾಕಿತು. ಹಿಂಸೆಯ ದೂರು ಕೊಟ್ಟ ತಾಯಂದಿರ ವಿರುದ್ಧ ಇದು ಅಸ್ತ್ರವಾಗುತ್ತಿದೆ ಎಂದು ವಿಶ್ವಸಂಸ್ಥೆಯ ವಿಶೇಷ ವರದಿಗಾರ್ತಿ 2023ರಲ್ಲಿ ಬರೆದರು. ಮಗು ಅಪ್ಪನ ಬಳಿ ಹೋಗಲೊಲ್ಲೆ ಎಂದಾಗ ಅದು ಹೇಳಿಕೊಟ್ಟ ಮಾತೋ, ಕಂಡ ಭಯವೋ? ಕುಟುಂಬ ನ್ಯಾಯಾಲಯದ ಆಪ್ತಸಮಾಲೋಚಕರ ಮುಂದೆ ಇದಕ್ಕಿಂತ ಕಷ್ಟದ ಪ್ರಶ್ನೆ ಇರಲಾರದು.

ಇನ್ನೂ ಇತ್ಯರ್ಥವಾಗದವು

ಒಂದೇ ಮನೆಯ ಇಬ್ಬರು ಮಕ್ಕಳಲ್ಲಿ ಒಬ್ಬ ಕುಗ್ಗಿ ಇನ್ನೊಬ್ಬಳು ಗಟ್ಟಿಯಾಗುವುದು ಯಾಕೆ ಎಂಬುದು ಎಲ್ಲ ಪಂಥಗಳಿಗೂ ಬಾಕಿ ಉಳಿದ ಪ್ರಶ್ನೆ. ವಯಸ್ಸು, ಲಿಂಗ, ಹುಟ್ಟುಗುಣ, ನರಮಂಡಲದ ಸೂಕ್ಷ್ಮತೆ ಒಂದೊಂದೂ ಸ್ವಲ್ಪ ಹೇಳುತ್ತದೆ, ಯಾವುದೂ ಪೂರ್ತಿ ಹೇಳುವುದಿಲ್ಲ. ಗಂಡುಮಕ್ಕಳು ರೇಗಾಡುತ್ತಾರೆ, ಹೆಣ್ಣುಮಕ್ಕಳು ಒಳಗೇ ನುಂಗುತ್ತಾರೆ ಎಂಬ ಹಳೆಯ ಹಂಚಿಕೆಯೂ ಹೊಸ ಅಧ್ಯಯನಗಳಲ್ಲಿ ಅಷ್ಟು ನೇರವಾಗಿ ನಿಂತಿಲ್ಲ.

ಕಾರಣದ ದಿಕ್ಕೂ ಪೂರ್ತಿ ತೀರ್ಮಾನವಾಗಿಲ್ಲ. ನಿಭಾಯಿಸಲು ಕಷ್ಟವಾದ ಮಗುವೇ ದಾಂಪತ್ಯದಲ್ಲಿ ಬಿರುಕು ತರುವುದುಂಟು. ಅತಿಚಟುವಟಿಕೆಯ ಅಥವಾ ಬೆಳವಣಿಗೆಯ ತೊಂದರೆಯ ಮಗುವಿರುವ ಮನೆಗಳಲ್ಲಿ ಇದನ್ನು ದಿನವೂ ಕಾಣಬಹುದು. ಹಾಗಿದ್ದಲ್ಲಿ ಚಿಕಿತ್ಸೆ ಶುರುವಾಗಬೇಕಾದದ್ದು ಯಾರಿಂದ?

ಈ ಸಂಶೋಧನೆಯ ಹೆಚ್ಚಿನ ಪಾಲು ಅಮೆರಿಕ, ಬ್ರಿಟನ್ನಿನ ಮನೆಗಳದು ಎಂಬುದು ನಮ್ಮ ಮಟ್ಟಿಗೆ ದೊಡ್ಡ ಮಿತಿ. ಭರವಸೆಯಿರುವುದು ನಿಮ್ಹಾನ್ಸ್ ಮುಂದಾಳತ್ವದಲ್ಲಿ ಬೆಂಗಳೂರು, ಮೈಸೂರು ಸೇರಿ ದೇಶದ ಏಳು ಕೇಂದ್ರಗಳಲ್ಲಿ 6ರಿಂದ 23 ವರ್ಷದ ಸುಮಾರು 9,000 ಮಕ್ಕಳು ಮತ್ತು ಯುವಜನರನ್ನು ಸೇರಿಸಿಕೊಂಡಿರುವ ಸಿವೇದ ಅಧ್ಯಯನದಲ್ಲಿ. ಬಾಲ್ಯದ ಕಷ್ಟ, ಮಿದುಳು, ಜೀನ್ ಮೂರನ್ನೂ ಅದು ಒಟ್ಟಿಗೆ ನೋಡುತ್ತಿದೆ. ಆದರೆ ಅತ್ತೆ ಸೊಸೆಯರ ಕಲಹವನ್ನು ದಾಂಪತ್ಯ ಕಲಹದ ಒಳಗೇ ಎಣಿಸಬೇಕೋ, ಬೇರೆಯಾಗಿಯೋ, ಅಜ್ಜಿ ಯಾವಾಗ ಆಸರೆ, ಯಾವಾಗ ಇನ್ನೊಂದು ಪಕ್ಷ ಎಂಬುದನ್ನು ಅಳೆಯುವ ಪ್ರಶ್ನಾವಳಿ ಈ ನೆಲದ ಮಾತಿನಲ್ಲೇ ರೂಪುಗೊಳ್ಳಬೇಕು.

ಕೊನೆಯದಾಗಿ, ನೆರವಿನ ಬಾಗಿಲು ಎಲ್ಲಿರಬೇಕು? ಮಕ್ಕಳ ಸಹಾಯವಾಣಿ 1098 ಇದೆ, 2022ರಿಂದ ಟೆಲಿ ಮನಸ್‌ನ 14416 ಇದೆ, ನಗರದ ಇನ್ನೊಂದು ಮಗ್ಗುಲಿನ ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ. ಈ ಎಲ್ಲವೂ ಮಗುವಿಗೆ ತೊಂದರೆಯಿದೆ ಎಂದು ಯಾರಾದರೂ ಗುರುತಿಸಿದ ಮೇಲಿನ ಮಾತು. ಗುರುತಿಸುವವರು ತರಗತಿಯ ಟೀಚರೋ, ಲಸಿಕೆಗೆ ಬಂದಾಗ ನೋಡುವ ಆಶಾ ಕಾರ್ಯಕರ್ತೆಯೋ, ವಿಚ್ಛೇದನದ ಅರ್ಜಿ ಬಂದ ದಿನವೇ ಮಗುವಿನ ಬಗ್ಗೆ ವಿಚಾರಿಸುವ ನ್ಯಾಯಾಲಯವೋ? ಗುರುತಿಸಿದ ಮೇಲೆ, ಇದು ನಮ್ಮ ಮನೆಯ ವಿಷಯ ಎನ್ನುವ ಅಪ್ಪ ಅಮ್ಮನ ಒಪ್ಪಿಗೆಯಿಲ್ಲದೆ ಅವರು ಎಷ್ಟು ದೂರ ಹೋಗಬಹುದು? ಕಾನೂನು ಇದಕ್ಕೆ ಸ್ಪಷ್ಟ ಗಡಿ ಹಾಕಿಲ್ಲ, ಮನೋವಿಜ್ಞಾನಕ್ಕೆ ಅದನ್ನು ಹಾಕುವ ಅಧಿಕಾರವಿಲ್ಲ.